ಕೊಡಗಿನ ಮಳೆಗಾಲದಲ್ಲಿ ಕೂದಲ ಆರೈಕೆ: ಎಳೆಯೊಳಗೆ ಏನಿದೆ ಎಂದು ತಿಳಿದು ಮಾಡುವ ಬಗೆ

ಜೂನ್ ತಿಂಗಳು ಬಂತೆಂದರೆ ಒಂದೇ ಪ್ರಶ್ನೆ ಹತ್ತಾರು ರೂಪದಲ್ಲಿ ಬರಲು ಶುರುವಾಗುತ್ತದೆ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿದರೆ ರಾತ್ರಿಯಾದರೂ ಕೂದಲು ಒಣಗುವುದಿಲ್ಲ, ಏನು ಮಾಡಲಿ? ಮೈಸೂರಿನಲ್ಲಿ ನೆಟ್ಟಗಿದ್ದ ಕೂದಲು ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಯಾಕೆ ಹರಡಿಕೊಳ್ಳುತ್ತದೆ? ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಿದರೆ ಸರಿ ಹೋಗುತ್ತಾ? ಬೋರ್‌ವೆಲ್ ನೀರಿನಿಂದ ಕೂದಲು ಉದುರುತ್ತಾ? ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಕೂದಲು ಯಾವುದರಿಂದ ಆಗಿದೆ ಎಂದು ಗೊತ್ತಾದರೆ ಇವುಗಳಲ್ಲಿ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಮೊದಲು ಒಂದು ಮಾತು. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಅದರಲ್ಲಿ ರಕ್ತ ಹರಿಯುವುದಿಲ್ಲ, ನರವೂ ಇಲ್ಲ. ಕೈಗೆ ಆದ ಗಾಯ ಮಾಯುತ್ತದೆ, ಕೂದಲಿಗೆ ಆದ ಗಾಯ ಮಾಯುವುದಿಲ್ಲ. ತಲೆಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಜಡೆ 45 ಸೆಂಟಿಮೀಟರ್ ಉದ್ದವಿದ್ದರೆ ಅದರ ತುದಿ ಹುಟ್ಟಿ ಹತ್ತಿರ ಹತ್ತಿರ 4 ವರ್ಷವಾಗಿದೆ. ಅಷ್ಟೂ ಮಳೆಗಾಲದ ಒದ್ದೆ, ಅಷ್ಟೂ ವರ್ಷದ ಬಾಚಣಿಗೆ, ಬಿಸಿಲು, ಶಾಂಪೂ ಎಲ್ಲವನ್ನೂ ಆ ತುದಿ ತಡೆದುಕೊಂಡಿದೆ. ಹಾಗಾಗಿ ನಮ್ಮ ಕೈಲಾಗುವುದು ಇದ್ದದ್ದನ್ನು ಉಳಿಸಿಕೊಳ್ಳುವುದು. ಬಾಟಲಿಯ ಮೇಲೆ ‘ರಿಪೇರಿ’ ಎಂದು ಬರೆದಿದ್ದರೆ, ಬಹುಮಟ್ಟಿಗೆ ಅದು ಹಾಳಾದ ಜಾಗವನ್ನು ಮುಂದಿನ ಸ್ನಾನದವರೆಗೆ ಮುಚ್ಚಿಡುತ್ತದೆ ಅಷ್ಟೇ.

ಬೇಕಾಗುವ ಸಾಮಾನು ಕಡಿಮೆ. ಹಲ್ಲು ಅಗಲವಾಗಿರುವ ಬಾಚಣಿಗೆ, ಹಳೆಯ ಮೆತ್ತನೆಯ ಕಾಟನ್ ಪಂಚೆ, ತೆಂಗಿನೆಣ್ಣೆ, ನಿಮಗೆ ಒಗ್ಗುವ ಶಾಂಪೂ, ಕಂಡೀಷನರ್, ಒಂದು ಖಾಲಿ ಪಾರದರ್ಶಕ ಬಾಟಲಿ. ಮತ್ತೆ ಬಾಚುವಾಗ ಉದುರಿದ ಒಂದು ಉದ್ದ ಕೂದಲು. ಅಲ್ಲಿಂದಲೇ ಶುರು ಮಾಡೋಣ.

1. ಒಂದು ಎಳೆಯನ್ನು ಕೈಯಲ್ಲಿ ಹಿಡಿದು ನೋಡಿ

ಉದುರಿದ ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿಯಿರಿ. ಬುಡದಿಂದ ತುದಿಗೆ ಬೆರಳು ಎಳೆಯಿರಿ, ನುಣ್ಣಗೆ ಜಾರುತ್ತದೆ. ಈಗ ತುದಿಯಿಂದ ಬುಡಕ್ಕೆ ಎಳೆಯಿರಿ. ಸಣ್ಣಗೆ ತಡೆಯುತ್ತದೆ, ಅಲ್ವಾ? ಇನ್ನೊಂದು ಮಾಡಿ. ಎಳೆಯನ್ನು ಎರಡು ಬೆರಳ ನಡುವೆ ಇಟ್ಟು, ಬೆರಳುಗಳನ್ನು ಎಳೆಯ ಉದ್ದಕ್ಕೇ ಹಿಂದೆ ಮುಂದೆ ಉಜ್ಜಿ. ಕೂದಲು ತಾನಾಗಿ ಒಂದು ಕಡೆಗೆ ಸರಿಯುತ್ತಾ ಹೋಗುತ್ತದೆ. ಅದು ಯಾವಾಗಲೂ ಬುಡ ಮುಂದಾಗಿಯೇ ಸರಿಯುತ್ತದೆ.

ಇದಕ್ಕೆ ಕಾರಣ ಕ್ಯುಟಿಕಲ್, ಅಂದರೆ ಕೂದಲಿನ ಹೊರಪದರ. ತೀರಾ ತೆಳುವಾದ ಚಪ್ಪಟೆ ಹಲ್ಲೆಗಳು 5ರಿಂದ 10 ಪದರವಾಗಿ, ಮನೆಯ ಮಾಡಿಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಎಲ್ಲದರ ತೆರೆದ ಅಂಚು ಕೂದಲಿನ ತುದಿಯ ಕಡೆಗೆ. ಆದ್ದರಿಂದಲೇ ತುದಿಯಿಂದ ಬುಡಕ್ಕೆ ಉಜ್ಜಿದರೆ ಅಂಚುಗಳು ಎದ್ದು ಮುರಿಯುತ್ತವೆ. ಟವಲಿನಿಂದ ತಲೆಯನ್ನು ಗರಗರನೆ ಉಜ್ಜುವವರು ದಿನಾ ಮಾಡುತ್ತಿರುವುದು ಇದನ್ನೇ.

ಈ ಹಲ್ಲೆಗಳ ಮೇಲ್ಮೈಯಲ್ಲಿ 18-ಎಂಇಎ ಎಂಬ ಕೊಬ್ಬಿನ ಆಮ್ಲದ ಒಂದು ತೆಳು ಪೊರೆ ಅಂಟಿರುತ್ತದೆ. ಹೊಸ ಕೂದಲು ನೀರನ್ನು ಜಾರಿಸುವುದು, ಎಳೆಗಳು ಸಿಕ್ಕಾಗದೆ ಇರುವುದು ಇದರಿಂದಲೇ. ಸುಮ್ನೆ ಮೇಲೆ ಬಳಿದ ಎಣ್ಣೆಯಲ್ಲ ಇದು, ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದುಕೊಂಡದ್ದು. ಬ್ಲೀಚ್, ಅಮೋನಿಯಾ ಇರುವ ಬಣ್ಣ, ಕ್ಷಾರ ಜಾಸ್ತಿ ಇರುವ ಸ್ಟ್ರೈಟನಿಂಗ್ ಕ್ರೀಮು ಇದನ್ನು ಕಿತ್ತು ಹಾಕುತ್ತವೆ. ಒಮ್ಮೆ ಹೋದರೆ ಹೋಯಿತು.

ಹೊರಪದರದ ಒಳಗಿರುವುದು ಕಾರ್ಟೆಕ್ಸ್. ಕೂದಲಿನ ಬಹುಪಾಲು ಇದೇ. ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನ ನಾರುಗಳು ಉದ್ದಕ್ಕೂ ಹೊಂದಿಕೊಂಡಿರುತ್ತವೆ, ನಡುನಡುವೆ ಮೆಲಾನಿನ್ ಎಂಬ ಬಣ್ಣದ ಕಣಗಳು. ಬಲ, ಬಣ್ಣ, ಗುಂಗುರು ಎಲ್ಲವೂ ಇಲ್ಲಿಯದು. ಮಧ್ಯದಲ್ಲಿ ಮೆಡುಲ್ಲಾ ಎಂಬ ತಿರುಳು ಇರುತ್ತದೆ. ಸಣ್ಣ ಎಳೆಗಳಲ್ಲಿ ಅದು ಇರುವುದೇ ಇಲ್ಲ, ಇಲ್ಲದಿದ್ದರೂ ತೊಂದರೆಯಿಲ್ಲ.

ಒಂದು ಎಚ್ಚರಿಕೆ. ಲೋಟದ ನೀರಿಗೆ ಕೂದಲು ಹಾಕಿ, ಮುಳುಗಿತಾ ತೇಲಿತಾ ನೋಡಿ ‘ಪೊರಾಸಿಟಿ’ ಹೇಳುವ ಪರೀಕ್ಷೆಯನ್ನು ನಂಬಬೇಡಿ. ಪೊರಾಸಿಟಿ ಅಂದರೆ ಎಳೆ ನೀರು ಹೀರುವ ಗುಣ. ಕೂದಲಿಗೆ ಎಣ್ಣೆ ಹತ್ತಿದ್ದರೂ, ಒಂದು ಗಾಳಿಗುಳ್ಳೆ ಅಂಟಿದ್ದರೂ ಆ ಪರೀಕ್ಷೆಯ ಫಲಿತಾಂಶ ಬದಲಾಗುತ್ತದೆ. ಬೆರಳಿನ ಪರೀಕ್ಷೆಯೇ ವಾಸಿ. ಬುಡದ ಹತ್ತಿರ ನುಣುಪಾಗಿದ್ದು ತುದಿ ಎರಡೂ ದಿಕ್ಕಿನಲ್ಲಿ ಒರಟಾಗಿದ್ದರೆ ಅಲ್ಲಿ ಹೊರಪದರ ಸವೆದಿದೆ ಎಂದು ತಿಳಿಯಿರಿ.

2. ಮೂರು ಬಂಧಗಳನ್ನು ನೆನಪಿಡಿ

ಕೆರಾಟಿನ್ ಎಳೆಗಳನ್ನು ಒಟ್ಟಿಗೆ ಹಿಡಿದಿಡುವ ಬಂಧಗಳು ಮುಖ್ಯವಾಗಿ ಮೂರು. ಇವನ್ನು ತಿಳಿದುಕೊಂಡರೆ ಯಾವ ಜಾಹೀರಾತೂ ನಿಮ್ಮನ್ನು ಸುಲಭವಾಗಿ ಮೋಸಗೊಳಿಸಲಾರದು.

ಮೊದಲನೆಯದು ಹೈಡ್ರೋಜನ್ ಬಂಧ. ಒಂದೊಂದೇ ನೋಡಿದರೆ ತೀರಾ ದುರ್ಬಲ, ಆದರೆ ಲೆಕ್ಕವಿಲ್ಲದಷ್ಟಿವೆ. ನೀರು ತಗುಲಿದರೆ ಬಿಟ್ಟುಕೊಳ್ಳುತ್ತವೆ, ಒಣಗಿದಾಗ ಕೂದಲು ಆಗ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಒದ್ದೆ ಕೂದಲಿಗೆ ಜಡೆ ಹಾಕಿ ಬಿಚ್ಚಿದರೆ ಅಲೆ ಉಳಿಯುವುದು ಹೀಗೆ. ಮನೆಯಲ್ಲಿ ಐರನ್ ಮಾಡಿ ನೆಟ್ಟಗೆ ಮಾಡಿದ್ದೂ ಈ ಬಂಧವನ್ನೇ. ಮಂಜು ಕವಿದ ಮಡಿಕೇರಿಯಲ್ಲೋ ಭಾಗಮಂಡಲದಲ್ಲೋ ಗಾಳಿಯ ತೇವವೇ ಸಾಕು, ಬಂಧ ಬಿಟ್ಟುಕೊಂಡು ಕೂದಲು ತನ್ನ ಹುಟ್ಟು ಆಕಾರಕ್ಕೆ ಮರಳುತ್ತದೆ. ನಿಮ್ಮ ಕೂದಲಲ್ಲಿ ಏನೋ ದೋಷ ಬಂತು ಎಂದು ಹೆದರಬೇಡಿ. ಅದು ಕೂದಲಿನ ಸಹಜ ಗುಣ. ಈ ಗುಣವನ್ನೇ ಬಳಸಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ 1783ರ ಹೊತ್ತಿಗೆ ಮನುಷ್ಯನ ಕೂದಲಿನಿಂದಲೇ ಗಾಳಿಯ ತೇವ ಅಳೆಯುವ ಉಪಕರಣ ಮಾಡಿದ್ದರು. ತೇವ ಏರಿದರೆ ಕೂದಲು ಉದ್ದವಾಗುತ್ತದೆ, ಮುಳ್ಳು ಸರಿಯುತ್ತದೆ.

ಎರಡನೆಯದು ಲವಣ ಬಂಧ. ಧನ ಮತ್ತು ಋಣ ವಿದ್ಯುದಂಶಗಳ ನಡುವಿನ ಸೆಳೆತ ಇದು. ಆಮ್ಲ ಅಥವಾ ಕ್ಷಾರ ಅತಿಯಾದರೆ ಸಡಿಲವಾಗುತ್ತದೆ.

ಮೂರನೆಯದು ಡೈಸಲ್ಫೈಡ್ ಬಂಧ, ಅಂದರೆ ಎರಡು ಗಂಧಕದ ಪರಮಾಣುಗಳ ನಡುವಿನ ಗಟ್ಟಿ ಬೆಸುಗೆ. ಕೂದಲಿನ ತೂಕದಲ್ಲಿ ಗಂಧಕವೇ ಸುಮಾರು ಶೇ. 5ರಷ್ಟಿದೆ. ಕೂದಲು ಸುಟ್ಟಾಗ ಬರುವ ಆ ಕಟು ವಾಸನೆಗೆ ಅದೂ ಒಂದು ಕಾರಣ. ಈ ಬಂಧವನ್ನು ನೀರು ಮುರಿಯಲಾರದು. ಅದಕ್ಕೆ ಪಾರ್ಲರಿನ ರಾಸಾಯನಿಕವೇ ಬೇಕು.

3. ನಿಮ್ಮ ಮನೆಯ ನೀರನ್ನು ಪರೀಕ್ಷಿಸಿ

ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಒಂದು ಚಿಟಿಕೆ ಸೋಪಿನ ತುರಿ ಹಾಕಿ ಜೋರಾಗಿ ಕುಲುಕಿ. ನೊರೆ ಚೆನ್ನಾಗಿ ಬಂದು ನಿಂತರೆ ನೀರು ಮೆದು. ನೊರೆ ಬಾರದೆ ಬಿಳಿ ಗಷ್ಟು ತೇಲಿದರೆ ಗಡಸು, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ ನೀರು. ಈ ಪರೀಕ್ಷೆಗೆ ಶಾಂಪೂ ಬಳಸಬೇಡಿ, ಅದು ಗಡಸು ನೀರಿನಲ್ಲೂ ನೊರೆ ಬರಿಸುತ್ತದೆ.

ಕಬ್ಬಿಣಕ್ಕೆ ಬೇರೆ ಪರೀಕ್ಷೆ. ಬಿಳಿ ಬಕೆಟ್ಟಿನಲ್ಲಿ ಬೋರ್‌ವೆಲ್ ನೀರು ಹಿಡಿದು ರಾತ್ರಿಯಿಡೀ ಬಿಡಿ. ತಳದಲ್ಲಿ ಕೆಂಚು ಗಷ್ಟು ಕೂತರೆ ಕಬ್ಬಿಣವಿದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ತಲೆಗೆ ಬಳಸಿ. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಅದರಲ್ಲಿ ಕ್ಯಾಲ್ಸಿಯಂ ಆಗಲಿ ಕಬ್ಬಿಣವಾಗಲಿ ಇಲ್ಲವೆನ್ನುವಷ್ಟು ಕಡಿಮೆ. ಹೆಂಚಿನ ಪಾಚಿ, ದೂಳು ತೊಳೆದು ಹೋಗುವವರೆಗೆ ಮೊದಲ ಮಳೆಗಳ ನೀರನ್ನು ಬಿಟ್ಟುಬಿಡಿ.

ಗಡಸು ನೀರು ಕೂದಲಿನ ಮೇಲೆ ಗಷ್ಟು ಕೂರಿಸುತ್ತದೆ, ಒರಟು ಮಾಡುತ್ತದೆ, ಸಿಕ್ಕು ಹೆಚ್ಚಿಸುತ್ತದೆ. ಸಿಕ್ಕು ಬಿಡಿಸುವಾಗ ಎಳೆ ತುಂಡಾಗುತ್ತದೆ. ಅದು ತುಂಡಾಗುವುದು, ಬೇರಿನಿಂದ ಉದುರುವುದಲ್ಲ. ಇವೆರಡರ ವ್ಯತ್ಯಾಸವನ್ನು ಕೊನೆಯ ಹಂತದಲ್ಲಿ ಹೇಳುತ್ತೇನೆ.

4. ಎಣ್ಣೆ ಸ್ನಾನಕ್ಕೆ ಮೊದಲು, ನಂತರವಲ್ಲ

ಒದ್ದೆಯಾದಾಗ ಕೂದಲು ತನ್ನ ತೂಕದ ಸುಮಾರು ಶೇ. 30ರಷ್ಟು ನೀರು ಹೀರಬಲ್ಲದು. ಎಳೆ ಊದುತ್ತದೆ, ಹಲ್ಲೆಗಳ ಅಂಚು ಏಳುತ್ತದೆ, ಒಳಗಿನ ಪ್ರೋಟೀನ್ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಒಣಗಿದಾಗ ಮತ್ತೆ ಕುಗ್ಗುತ್ತದೆ. ಈ ಊದು-ಕುಗ್ಗು ಜಾಸ್ತಿಯಾದಷ್ಟೂ ಸವೆತ ಜಾಸ್ತಿ.

ತೆಂಗಿನೆಣ್ಣೆ ಇಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೆಟ್ಟಗಿರುವಂಥದ್ದು, ಹಾಗಾಗಿ ಎಳೆಯ ಒಳಗೆ ಇಳಿಯುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದಾಗ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದನ್ನು ಮಾಡಿದವರು ಎಣ್ಣೆ ಮಾರುವ ಕಂಪನಿಯ ಸಂಶೋಧಕರೇ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೂ ಎಣ್ಣೆ ಒಳಗಿಳಿಯುವ ವಿವರಣೆ ರಸಾಯನಶಾಸ್ತ್ರಕ್ಕೆ ಸರಿಹೊಂದುತ್ತದೆ.

ರಾತ್ರಿ ಅಥವಾ ಸ್ನಾನಕ್ಕೆ ಒಂದೆರಡು ಗಂಟೆ ಮೊದಲು, ಒಣ ಕೂದಲಿಗೆ, ಮಧ್ಯದಿಂದ ತುದಿಯವರೆಗೆ ತೆಳ್ಳಗೆ ಹಚ್ಚಿ. ತಲೆಹೊಟ್ಟು ಇದ್ದರೆ ಬುಡಕ್ಕೆ ಎಣ್ಣೆ ಬೇಡ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರ ಕೊಬ್ಬಿನ ಮೇಲೆಯೇ ಬದುಕುತ್ತದೆ, ನೀವೇ ಅದಕ್ಕೆ ಊಟ ಹಾಕಿದಂತಾಗುತ್ತದೆ.

5. ತೊಳೆಯುವುದು

ನಮ್ಮಲ್ಲಿ ಕೆಲವು ಮನೆಗಳಲ್ಲಿ ಈಗಲೂ ಮೈಗೆ ಹಚ್ಚುವ ಸೋಪನ್ನೇ ತಲೆಗೂ ಹಚ್ಚುತ್ತಾರೆ. ದಯವಿಟ್ಟು ಬೇಡ. ಸೋಪಿನ ಪಿಎಚ್ 9ರಿಂದ 10. ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ. 7 ಸಮ, ಕೆಳಗಾದರೆ ಆಮ್ಲ, ಮೇಲಾದರೆ ಕ್ಷಾರ. ನೆತ್ತಿಯ ಚರ್ಮದ್ದು ಸುಮಾರು 5.5. ಕ್ಷಾರ ತಗುಲಿದ ಕೂದಲು ಊದಿ ಒರಟಾಗುತ್ತದೆ, ಗಡಸು ನೀರಾದರೆ ಸೋಪಿನ ಗಷ್ಟು ಬೇರೆ.

ಸೀಗೆಕಾಯಿ, ಅಂಟುವಾಳ ಎರಡರಲ್ಲೂ ಸಪೋನಿನ್ ಎಂಬ ನೊರೆ ಬರಿಸುವ ಸತ್ವವಿದೆ. ನೀರಿನಲ್ಲಿ ಕುದಿಸಿದ ರಸ ಆಮ್ಲದ ಕಡೆಗೇ ಇರುತ್ತದೆ. ಅದು ಒಳ್ಳೆಯದು. ತೊಂದರೆ ಬರುವುದು ಪುಡಿಯಿಂದ. ತರಿತರಿ ಪುಡಿಯನ್ನು ತಲೆಗೆ ತಿಕ್ಕಿದರೆ ಹಲ್ಲೆಗಳು ಕೆತ್ತಿ ಹೋಗುತ್ತವೆ, ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಕುದಿಸಿ, ಬಟ್ಟೆಯಲ್ಲಿ ಸೋಸಿ, ರಸ ಮಾತ್ರ ಬಳಸಿ. ದಾಸವಾಳದ ಎಲೆ ಕಿವುಚಿದ ಲೋಳೆ ಎಳೆಗಳನ್ನು ಜಾರುವಂತೆ ಮಾಡುತ್ತದೆ, ಸಿಕ್ಕು ಬಿಡಿಸಲು ಸಹಾಯ. ಕೊಳೆ ತೆಗೆಯುವುದರಲ್ಲಿ ಮಾತ್ರ ಶಾಂಪೂವಿನಷ್ಟು ಬಲ ಅದಕ್ಕಿಲ್ಲ.

ಶಾಂಪೂ ಬುಡಕ್ಕೆ, ಕಂಡೀಷನರ್ ತುದಿಗೆ. ಸವೆದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಜಾಸ್ತಿ. ಕಂಡೀಷನರ್‌ನಲ್ಲಿ ಧನ ವಿದ್ಯುದಂಶವಿರುವ ಅಣುಗಳಿರುತ್ತವೆ. ಎಲ್ಲಿ ಸವೆತ ಜಾಸ್ತಿಯೋ ಅಲ್ಲಿ ಅವು ಜಾಸ್ತಿ ಅಂಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಇದನ್ನು ಬಿಡಬೇಡಿ. ಮೇಲಿನ ಆ ಪದರ ಗಾಳಿಯ ತೇವ ಒಳಹೋಗುವ ವೇಗವನ್ನೂ ಸ್ವಲ್ಪ ತಗ್ಗಿಸುತ್ತದೆ.

ಕಾಚಂಪುಳಿ ಹಚ್ಚಬಹುದಾ ಎಂದು ಬಹಳ ಜನ ಕೇಳುತ್ತಾರೆ. ವಿನೆಗರ್‌ನಿಂದ ಕೂದಲು ತೊಳೆಯುವ ವಿಡಿಯೋ ನೋಡಿ ಬಂದ ಯೋಚನೆ ಇರಬೇಕು. ಬೇಡ. ಅದು ಬತ್ತಿಸಿ ಗಟ್ಟಿ ಮಾಡಿದ ಹುಳಿ, ನೆತ್ತಿಗೆ ಉರಿ ಹತ್ತಿಸುತ್ತದೆ. ಹಂದಿ ಕರಿಗೇ ಇರಲಿ. ಹುಳಿ ನೀರು ಬೇಕೇ ಬೇಕೆಂದರೆ ಒಂದು ದೊಡ್ಡ ಚೊಂಬು ನೀರಿಗೆ ಒಂದು ಚಮಚ ನಿಂಬೆರಸ ಹಾಕಿ, ಕೊನೆಗೆ ಸುರಿದು, ಮತ್ತೆ ಬರೀ ನೀರು ಹಾಕಿ.

6. ಒಣಗಿಸುವುದು: ಕೊಡಗಿನಲ್ಲಿ ಇದೇ ದೊಡ್ಡ ಕೆಲಸ

ಬಯಲುಸೀಮೆಯವರಿಗೆ ಬರೆದ ಸಲಹೆಗಳು ಇಲ್ಲಿ ನಡೆಯುವುದಿಲ್ಲ. ‘ತಾನಾಗಿ ಒಣಗಲು ಬಿಡಿ’ ಎನ್ನುತ್ತಾರೆ. ಕಕ್ಕಡ ತಿಂಗಳಲ್ಲಿ ತಾನಾಗಿ ಒಣಗುವುದು ಯಾವಾಗ? ಬಟ್ಟೆಯೇ ಒಣಗುವುದಿಲ್ಲ. ಕೂದಲನ್ನು ಗಂಟೆಗಟ್ಟಲೆ ಒದ್ದೆಯಾಗಿ ಬಿಡುವುದೂ ಕ್ಷೇಮವಲ್ಲ. 2011ರಲ್ಲಿ ಕೊರಿಯಾದ ಸಂಶೋಧಕರು ಇದನ್ನು ಪರೀಕ್ಷಿಸಿದರು. ಡ್ರೈಯರ್ ಹತ್ತಿರ ಹಿಡಿದಷ್ಟೂ ಹೊರಪದರಕ್ಕೆ ಹಾನಿ ಹೆಚ್ಚು. ಆದರೆ ಹಲ್ಲೆಗಳನ್ನು ಅಂಟಿಸುವ ಒಳಗಿನ ಪದರಕ್ಕೆ ಹಾನಿ ಕಂಡದ್ದು ತಾನಾಗಿ ಒಣಗಲು ಬಿಟ್ಟ ಕೂದಲಿನಲ್ಲಿ. ಕೂದಲು ಬಹಳ ಹೊತ್ತು ಊದಿಕೊಂಡೇ ಇದ್ದದ್ದು ಕಾರಣವಿರಬಹುದು ಎಂದು ಅವರು ಹೇಳಿದರು. 15 ಸೆಂಟಿಮೀಟರ್ ದೂರದಿಂದ, ಡ್ರೈಯರನ್ನು ಆಡಿಸುತ್ತಲೇ ಒಣಗಿಸುವುದು ಅವರು ಕೊಟ್ಟ ಸಲಹೆ.

ಹಾಗಾಗಿ ಹೀಗೆ ಮಾಡಿ. ಮಳೆ ಹೊಳವಾದ ದಿನ, ಮಧ್ಯಾಹ್ನದೊಳಗೆ ತಲೆ ಸ್ನಾನ ಮುಗಿಸಿ. ರಾತ್ರಿ ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಮಲಗಬೇಡಿ. ಕೂದಲನ್ನು ಕಾಟನ್ ಪಂಚೆಯಲ್ಲಿ ಸುತ್ತಿ ಒತ್ತಿ ಹಿಂಡಿ, ಉಜ್ಜಬೇಡಿ. ಪಂಚೆ ನೆನೆದರೆ ಇನ್ನೊಂದು ತೆಗೆದುಕೊಳ್ಳಿ. ಎರಡು ಒಣ ಪಂಚೆ ಮಾಡುವ ಕೆಲಸ ಅರ್ಧ ಗಂಟೆಯ ಫ್ಯಾನಿಗಿಂತ ಮೇಲು. ಆಮೇಲೆ ಕರೆಂಟ್ ಇದ್ದರೆ ಡ್ರೈಯರ್, ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ. ಮೊದಲು ಬುಡ ಒಣಗಬೇಕು, ತುದಿ ಕೊನೆಗೆ.

ಗಾಳಿ ಮಳೆಗೆ ಕಂಬ ಬಿದ್ದು ಕರೆಂಟ್ ಹೋದರೆ ಒಲೆಯೇ ಗತಿ. ಒಲೆಯಿಂದ ಒಂದು ಮಾರು ದೂರ, ಬೆನ್ನು ಹಾಕಿ ಕೂತು, ಬೆರಳಿನಿಂದ ಬಿಡಿಸುತ್ತಾ ಒಣಗಿಸಿ. ಹೊಗೆಗೆ ನೇರವಾಗಿ ಕೂದಲು ಒಡ್ಡಬೇಡಿ, ಹೊಗೆಯ ಜಿಡ್ಡು ಕೂತರೆ ಮರುದಿನವೇ ಮತ್ತೆ ತೊಳೆಯಬೇಕಾಗುತ್ತದೆ.

ಒದ್ದೆ ಕೂದಲಿಗೆ ಐರನ್ ಇಡಲೇಬೇಡಿ. ಎಳೆಯ ಒಳಗಿನ ನೀರು ಕುದಿದು ಆವಿಯಾಗಿ ಗುಳ್ಳೆ ಏಳುತ್ತದೆ. ಕೂದಲು ಅಲ್ಲಿಯೇ ಮುರಿಯುತ್ತದೆ. ‘ಸುಯ್’ ಎಂದು ಸದ್ದು ಬಂದರೆ ಆಗುತ್ತಿರುವುದು ಅದೇ.

ಒದ್ದೆ ಕೂದಲು ಒಣ ಕೂದಲಿಗಿಂತ ಜಾಸ್ತಿ ಹಿಗ್ಗುತ್ತದೆ, ಆದರೆ ಬಲ ಕಡಿಮೆ. ನೇರ ಕೂದಲಿನವರು ಮುಕ್ಕಾಲು ಒಣಗಿದ ಮೇಲೆ ಬಾಚಿ. ಗುಂಗುರು ಕೂದಲಿನವರು ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಶುರು ಮಾಡಿ ಮೇಲೆ ಬನ್ನಿ. ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಒದ್ದೆಯಲ್ಲೇ ಬಿಗಿಯಾಗಿ ಎರಡು ಜಡೆ ಹಾಕಿ ಕಳುಹಿಸುವುದು ಇಲ್ಲಿನ ವಾಡಿಕೆ. ಸಂಜೆ ಬಿಚ್ಚಿದರೆ ಒಳಗೆ ಇನ್ನೂ ಒದ್ದೆ, ಮುಗ್ಗಲು ವಾಸನೆ, ಕೆಲವು ದಿನಕ್ಕೆ ತುರಿಕೆ. ಶಾಲೆಯ ದಿನಗಳಲ್ಲಿ ತಲೆ ಸ್ನಾನ ಬೇಡ, ಶನಿವಾರ ಮಧ್ಯಾಹ್ನಕ್ಕೋ ಭಾನುವಾರಕ್ಕೋ ಇಟ್ಟುಕೊಳ್ಳಿ. ತೋಟದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಕೆಲಸ ಮಾಡುವವರು ಒಳಗೆ ಕಾಟನ್ ಬಟ್ಟೆ ಕಟ್ಟಿಕೊಳ್ಳಿ. ಬೆವರು ಹೀರಿದ ಆ ಬಟ್ಟೆಯನ್ನು ದಿನಾ ಬದಲಿಸಿ.

7. ಪಾರ್ಲರಿಗೆ ಹೋಗುವ ಮೊದಲು

ಮದುವೆ ಸೀಸನ್ನಿಗೆ ಮುಂಚೆ ಇದು ಜೋರು. ರೀಬಾಂಡಿಂಗ್, ಸ್ಮೂತನಿಂಗ್ ಎಂದು ಮಾಡುವುದರಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಜಾತಿಯ ಕ್ರೀಮು ಗಂಧಕದ ಬಂಧವನ್ನು ಮುರಿಯುತ್ತದೆ. ಕೂದಲನ್ನು ನೆಟ್ಟಗೆ ಮಾಡಿ, ಹೈಡ್ರೋಜನ್ ಪೆರಾಕ್ಸೈಡ್ ಇರುವ ಎರಡನೇ ಕ್ರೀಮಿನಿಂದ ಬಂಧವನ್ನು ಮತ್ತೆ ಕೂಡಿಸುತ್ತಾರೆ. ಎಲ್ಲ ಬಂಧಗಳೂ ಮರಳಿ ಕೂಡುವುದಿಲ್ಲ, ಕೂದಲು ಮೊದಲಿನಷ್ಟು ಗಟ್ಟಿಯಿರುವುದಿಲ್ಲ. ಮಳೆಗೆ ಅದು ಹೋಗುವುದಿಲ್ಲ, ನಿಜ. ಆದರೆ ಹೊಸದಾಗಿ ಬರುವ ಬುಡ ಹಳೆಯ ಆಕಾರದಲ್ಲೇ ಬರುತ್ತದೆ. ಮೇಲೆ ಗುಂಗುರು, ಕೆಳಗೆ ನೇರ ಆದಾಗ ಪೂರ್ತಿ ಕೂದಲಿಗೆ ಮತ್ತೆ ಮಾಡಿಸಬೇಡಿ. ಹಳೆಯ ಭಾಗ ಎರಡನೇ ಸಲ ತಡೆಯುವುದಿಲ್ಲ.

‘ಕೆರಾಟಿನ್ ಟ್ರೀಟ್‌ಮೆಂಟ್’ ಬೇರೆಯದು. ಇಡೀ ಕೆರಾಟಿನ್ ಅಣು ಕೂದಲಿನೊಳಗೆ ಹೋಗಲಾರದಷ್ಟು ದೊಡ್ಡದು. ಇವುಗಳಲ್ಲಿ ಹಲವದರಲ್ಲಿ ಕೆಲಸ ಮಾಡುವುದು ಫಾರ್ಮಾಲ್ಡಿಹೈಡ್, ಅಥವಾ ಬಿಸಿ ಮಾಡಿದಾಗ ಅದನ್ನು ಬಿಡುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದಿಲ್ಲ ಎನ್ನುವ ಕೆಲವದರಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಅದನ್ನು ಬಳಸಿದವರಲ್ಲಿ ಕಿಡ್ನಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಬಾಟಲಿ ತೋರಿಸಲು ಕೇಳಿ, ಮೇಲಿನ ಪಟ್ಟಿ ಓದಿ. ತೋರಿಸದಿದ್ದರೆ ಎದ್ದು ಬನ್ನಿ. ಐರನ್ ಇಟ್ಟಾಗ ಕಣ್ಣು, ಗಂಟಲು ಉರಿದರೆ ತಕ್ಷಣ ನಿಲ್ಲಿಸಲು ಹೇಳಿ. ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿದ ಪುಟ್ಟ ಕೋಣೆಯಲ್ಲಿ ದಿನಾ ಈ ಆವಿ ಕುಡಿಯುವ ಪಾರ್ಲರಿನ ಹುಡುಗಿಯರ ಬಗ್ಗೆ ನನಗೆ ನಿಜವಾಗಿ ಚಿಂತೆಯಾಗುತ್ತದೆ. ಗರ್ಭಿಣಿಯರು ಇದರ ತಂಟೆಗೇ ಹೋಗಬೇಡಿ.

8. ಬಣ್ಣ ಹಚ್ಚುವವರಿಗೆ

ಬಿಳಿ ಕೂದಲು ಅಂದರೆ ಬೇರಿನಲ್ಲಿ ಮೆಲಾನಿನ್ ತಯಾರಾಗುವುದು ನಿಂತಿದೆ ಎಂದರ್ಥ. ಹೊರಗೆ ಬಂದ ಎಳೆಯನ್ನು ಯಾವ ಎಣ್ಣೆಯೂ ಕಪ್ಪು ಮಾಡಲಾರದು.

ಅಂಗಡಿಯ ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಇದು ವಿಪರೀತ ಅಲರ್ಜಿ. ಮುಖ ಊದಿ ಕಣ್ಣು ಮುಚ್ಚಿಹೋಗುವಷ್ಟು. ಪ್ರತಿ ಸಲವೂ ಮೊದಲು ಮೊಣಕೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿರಿ. ಹೋದ ಸಲ ಏನೂ ಆಗಿರಲಿಲ್ಲ ಎನ್ನುವುದು ಭರವಸೆಯಲ್ಲ, ಅಲರ್ಜಿ ಯಾವಾಗ ಬೇಕಾದರೂ ಶುರುವಾಗಬಹುದು. ‘ಕಪ್ಪು ಮೆಹಂದಿ’ ಎಂದು ಮಾರುವ ಪೊಟ್ಟಣಗಳಲ್ಲೂ ಪಿಪಿಡಿ ಇರಬಹುದು. ಬರೀ ಮದರಂಗಿ ಕೊಡುವುದು ಕೆಂಪು ಮಾತ್ರ. ಅದರ ಲಾಸೋನ್ ಎಂಬ ಸತ್ವ ಕೆರಾಟಿನಿಗೆ ಅಂಟಿಕೊಳ್ಳುತ್ತದೆ. ಕಪ್ಪು ಬೇಕಾದರೆ ಆಮೇಲೆ ನೀಲಿ ಗಿಡದ (ಇಂಡಿಗೊ) ಎಲೆಯ ಪುಡಿ ಹಚ್ಚಬೇಕು. ಮದರಂಗಿಗೆ ಕಾಫಿ ಡಿಕಾಕ್ಷನ್ ಬೆರೆಸುವುದರಿಂದ ತೊಂದರೆಯಿಲ್ಲ, ಆದರೆ ಕಾಫಿಯ ಬಣ್ಣ ಕೆಲವು ಸ್ನಾನಕ್ಕೇ ಹೋಗುತ್ತದೆ.

ಕಬ್ಬಿಣದ ನೀರು ಬಳಸುವವರು ಇದನ್ನು ಗಮನಿಸಿ. ಕೂದಲಿನಲ್ಲಿ ಕೂತ ಕಬ್ಬಿಣ, ಬಣ್ಣದ ಪೆರಾಕ್ಸೈಡ್ ಜೊತೆ ಸೇರಿದಾಗ ಹಾನಿ ಹೆಚ್ಚಾಗುತ್ತದೆ. ಬಣ್ಣ ಹಚ್ಚುವ ಮೊದಲಿನ ಕೆಲವು ಸ್ನಾನಗಳಿಗಾದರೂ ಮಳೆ ನೀರು ಅಥವಾ ತಿಳಿಯಾದ ನೀರು ಬಳಸಿ.

9. ಉದುರುತ್ತಿದೆಯೋ, ತುಂಡಾಗುತ್ತಿದೆಯೋ?

ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಳಿ ಕಾಗದದ ಮೇಲೆ ಇಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡಿನಂಥ ಗಂಟಿದ್ದರೆ ಅದು ಬೇರಿನಿಂದ ಉದುರಿದ್ದು. ಆ ಗಂಟು ನೋಡಿ ‘ಬೇರೇ ಕಿತ್ತು ಬಂತು’ ಎಂದು ಗಾಬರಿಯಾಗಬೇಡಿ. ಕೂದಲು ಹುಟ್ಟುವ ಚೀಲ ಚರ್ಮದೊಳಗೇ ಉಳಿದಿದೆ, ಅದರಿಂದ ಹೊಸದು ಬರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಮೂರು ದಿನಕ್ಕೊಮ್ಮೆ ಬಾಚಿದರೆ ಮೂರು ದಿನದ್ದೂ ಒಟ್ಟಿಗೆ ಕಾಣುತ್ತದೆ. ಗಂಟಿಲ್ಲದ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ಅದು ತುಂಡಾಗುತ್ತಿರುವುದು. 4ರಿಂದ 7ರವರೆಗಿನ ಹಂತಗಳನ್ನು ಮತ್ತೆ ನೋಡಿ.

ಗಂಟಿರುವ ಕೂದಲೇ ಹಿಡಿಹಿಡಿ ಬರುತ್ತಿದ್ದರೆ 2-3 ತಿಂಗಳು ಹಿಂದಕ್ಕೆ ಹೋಗಿ ಯೋಚಿಸಿ. ಜ್ವರ ಬಂದಿತ್ತಾ, ಹೆರಿಗೆ, ಆಪರೇಷನ್, ಏಕಾಏಕಿ ತೂಕ ಇಳಿದದ್ದು? ಕೂದಲು ಆಗ ವಿಶ್ರಾಂತಿಗೆ ಹೋಗಿ ಈಗ ಉದುರುತ್ತದೆ, ಸಾಮಾನ್ಯವಾಗಿ ತಿಂಗಳುಗಳಲ್ಲಿ ತಾನೇ ಸರಿಯಾಗುತ್ತದೆ. ಹೆಣ್ಣುಮಕ್ಕಳಿಗೆ ರಕ್ತಹೀನತೆ, ಥೈರಾಯ್ಡ್ ಎರಡನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ನಾಣ್ಯದಗಲ ಬೋಳಾದರೆ, ನೆತ್ತಿಯಲ್ಲಿ ಕೀವು, ನೋವು, ಕಲೆ ಕಂಡರೆ, ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ, ಹೊಟ್ಟಿನ ಶಾಂಪೂ ಒಂದು ತಿಂಗಳು ಬಳಸಿದರೂ ತುರಿಕೆ ಇಳಿಯದಿದ್ದರೆ ಚರ್ಮರೋಗ ತಜ್ಞರನ್ನು ಕಾಣಿ. ಹೋಗುವಾಗ ತಲೆಗೆ ಎಣ್ಣೆ ಹಚ್ಚಬೇಡಿ. ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಹಚ್ಚಿದ ಬಣ್ಣ ಅಥವಾ ಕ್ರೀಮಿನ ಡಬ್ಬಿ, ಉದುರುವುದು ಯಾವ ತಿಂಗಳಲ್ಲಿ ಶುರುವಾಯಿತು ಎಂಬ ಲೆಕ್ಕ ಜೊತೆಗಿರಲಿ.